ಬೋರಲು ಕಲ್ಲು

ಶಹಾಬಾದಿನ ನಮ್ಮ ಮನಿ ನೆಲದಾಗ
ಇಪ್ಪತ್ತೊಂದು ಹೆಸರು ಬೋರಲು ಮಲಗ್ಯಾವ.
ಬಂದವರು ಚಹಾ ಕುಡೀತಾರ,
ಪರಸಿ ಭಾಳ ತಂಪದ ಅಂತಾರ,
ಕಾಲ ಕೆಳಗ ಯಾರು ಅದಾರಂತ ಕೇಳಂಗಿಲ್ಲ.

ಅಪ್ಪ ಖಣಿಯಾಗ ಪದರು ಬಿಡಿಸ್ತಿದ್ದ.
ಏಟು ಸರಿ ಬಿದ್ರ
ಚಪಾತಿ ಪದರಿನಂಗ ಏಳ್ತಿತ್ತು ಕಲ್ಲು.
ಅವ್ವ ಹೊರ್ತಿದ್ದಳು.
ತಲಿ ಮ್ಯಾಲ ಸಿಂಬಿ, ಸಿಂಬಿ ಮ್ಯಾಲ ಹಾಸುಗಲ್ಲು,
ಲಾರಿ ತುಂಬೋತನ.
ಒಂದು ಖೇಪಿಗೆ ಒಂದು ಗೀಟು
ಮುಕದ್ದಮನ ವಹಿಯಾಗ.
ಆ ಗೀಟು ಅಷ್ಟೇ ಆಕಿಗಿ ಓದ್ಲಾಕ ಬರ್ತಿತ್ತು.

ಅಪ್ಪನ ಕೆಮ್ಮು ಮೊದಲು ರಾತ್ರಿ ಬಂತು,
ಆಮ್ಯಾಲ ಹಗಲೂ ಇತ್ತು,
ಆಮ್ಯಾಲ ಒಂದು ದಿನ ಮನಿ ಪೂರಾ ಸುಮ್ಮನಾತು.
ಮೂರನೇ ದಿನ ದೊಡ್ಡಪ್ಪ
ಉಳಿ ಸುತ್ತಿಗಿ ಚೀಲಕ್ಕ ಹಾಕ್ಕೊಂಡು ಹೊಂಟ.
"ಇಟ್ಟು ಹೋಗ್ರಿ ಭಾವಾ."
"ನೀ ತಗೊಂಡು ಏನು ಮಾಡ್ತಿ?"
ಅವ್ವಗ ಉತ್ತರ ಗೊತ್ತಿದ್ದಿಲ್ಲ.
ಚೀಲದ ಬಾಯಿ ಹಿಡಿದ ಕೈ ಮಾತ್ರ ಬಿಡಲಿಲ್ಲ.

ನಾನು ಆಗ ಎರಡನೇತ್ತ.
ನನ್ನ ಪುಸ್ತಕದಾಗ ಅಪ್ಪನ ಹೆಸರು ಹುಡುಕಿದಿವಿ,
ದುಂಬಿ ಕೆಳಗ ದು ಸಿಕ್ತು.
ದುರ್ಗಪ್ಪ.
"ಬಾಯಾಗ ಮುಂದ ಬರೋದು
ಕಲ್ಲಾಗ ಹಿಂದ ಯಾಕ ಬರ್ತದ?"
ಅರ್ಕಾವೊತ್ತಿಗೆ ಆಕಿ ಕೇಳಿದ ಪ್ರಶ್ನಿ.
ನಮ್ಮ ಟೀಚರಿಗೂ ಕೇಳಿದೆ, ಕಿವಿ ಹಿಂಡಿದರು.
ಅವ್ವ ಬಾಯಿ ಹೇಳಿದಂಗ ಕೆತ್ತಿದಳು, ಮುಂದ.
ಕಲ್ಲಿಗೆ ರಬ್ಬರ್ ಇಲ್ಲ.
ಅದು ನಮ್ಮ ಮನಿಯ ಮೊದಲನೇ ಬೋರಲು ಕಲ್ಲು.
ಅಲ್ಲಿತನ ನೆಲ ಸಗಣಿದು.

ಎರಡನೇದು ಅಪ್ಪನ ಸಮಾಧಿಗೆ ಹೋತು.
ಅದನ್ನ ನೋಡಿದವರು ಒಬ್ಬೊಬ್ಬರೇ ಬಂದರು.
ಖಾತೂನಬಿ ಹಾಳಿ ಮ್ಯಾಲ ಉರ್ದು ಬರೆಸಿಕೊಂಡು ಬಂದು
ಬಾಜೂಕ ಕುಂತಳು, ಎದ್ದೇಳಲಿಲ್ಲ.
"ಚುಕ್ಕಿ ತಪ್ಪಬ್ಯಾಡ ಮರಗವ್ವಾ,
ಒಂದು ಚುಕ್ಕಿ ತಪ್ಪಿದ್ರ
ನನ್ನ ಗಂಡ ಮತ್ತೊಬ್ಬಾಕಿ ಗಂಡ ಆಗ್ತಾನ."
ಇಬ್ಬರೂ ನಕ್ಕರು.
ಸೂತಕದ ಮನಿಯವರು ನಗಬಾರದಂತ
ಇಬ್ಬರಿಗೂ ಗೊತ್ತಿತ್ತು.

ಅಕ್ಷರಕ್ಕ ಇಷ್ಟು, ಒತ್ತಿಗೆ ಅದರ ಅರ್ಧ.
ಹಾಲಿನವ ಒಬ್ಬ ಚೌಕಾಶಿಗೆ ಬಿದ್ದ:
"ನಮ್ಮಪ್ಪಂದು ಒತ್ತು ತೆಗಿ, ಬಸಪ ಸಾಕು."
ಅವ್ವ ಒತ್ತು ಹಾಕಿದಳು, ರೊಕ್ಕ ಹಿಡೀಲಿಲ್ಲ.
ಖರೆ, ಅವತ್ತಿನಿಂದ ಅವನ ಹಾಲಿನಾಗ
ನೀರು ಕಮ್ಮಿ ಆತು.

ಮುಕದ್ದಮನೂ ಬಂದ ಒಂದಿನ,
ಹೊಸ ಮನಿಗೆ ಹೆಸರಿನ ಕಲ್ಲು ಬೇಕಾಗಿತ್ತು.
ಅಳತಿ ತಗೊಳ್ತಾ ಅವ್ವ ಕೇಳಿದಳು,
"ನಿಮ್ಮ ವಹಿಯಾಗ ನನ್ನ ಹೆಸರು ಹ್ಯಾಂಗ ಬರೀತಿದ್ರಿ?"
ಅವ ಚಸ್ಮಾ ಒರೆಸಿಕೊಂಡ.
"ದುರ್ಗಪ್ಪನ ಹೇಣತಿ ಅಂತ."
ಅವನ ಕಲ್ಲು ಒಂದು ತಪ್ಪಿಲ್ಲದ ಬಂತು.
ಒತ್ತಿಂದೂ ಸೇರಿಸಿ ಪೂರಾ ರೊಕ್ಕ ಎಣಿಸಿಕೊಂಡಳು.

ಈಗ ತಗಡಿನ ಕೆಳಗ ನಾಲ್ಕು ಉಳಿ ಬಡೀತಾವ.
ಭಂಕೂರಿನ ಇಬ್ಬರು, ತವರಿಗೂ ಬ್ಯಾಡಾದ ಸುಗಲಾಬಾಯಿ,
ಖಾತೂನಬಿ ಸೊಸಿ.
ಮೂಗಿಗೆ ಹಸಿ ಅರಿವಿ ಕಟ್ಟದಾಕಿಗಿ
ಅವತ್ತಿನ ಪಗಾರ ಇಲ್ಲ.
ಈ ಒಂದು ಮಾತಿಗೆ ಅವ್ವ ಯಾರ ಮಾತೂ ಕೇಳಂಗಿಲ್ಲ.

ಹುಡುಗಿಯರ ಹಾಸ್ಟೆಲಿನ ಕಲ್ಲಾಗ
ಮೂವತ್ತೆರಡು ಮಂದಿ ಹೆಸರು ಅದಾವ,
ಮಣ್ಣು ಮುಟ್ಟದವರವೂ.
ಬಲಗಡಿ ಮೂಲ್ಯಾಗ, ಹುಡುಕಿದ್ರ ಸಿಗ್ತದ,
ಒಂದು ಜೋಳದ ಕಾಳು.
ಮಸೂತಿ ಹೌಜಿನ ಕಟ್ಟಿಗೆ, ರೇಲ್ವೆ ಕಾಲೊನಿ ಚರ್ಚಿಗೆ,
ಕಾಗಿಣಾ ದಂಡಿ ಸಮಾಧಿಗಳಿಗೆ
ನಾ ಹೋದಾಗೆಲ್ಲ ಮೊದಲು ಮೂಲಿ ನೋಡ್ತೀನಿ.

ಹ್ವಾದ ವಾರ ಊರಿಗೆ ಬಂದಾಗ
ಅಂಗಳದಾಗ ಒಂದು ಸಣ್ಣ ಕಲ್ಲು ನಿಂತಿತ್ತು.
ಮರಗವ್ವ.
ಒತ್ತು ಸರಿ, ಸಾಲು ಸರಿ,
ಮೂಲ್ಯಾಗ ಕಾಳು ಇದ್ದಿಲ್ಲ.
ಮುಂಜಾನಿ ಎದ್ದು ನೋಡಿದ್ರ ಅದು ಅಡಗಿ ಮನ್ಯಾಗ
ಬೋರಲು, ಹಸಿ ಸಿಮೆಂಟಿನಾಗ.
"ತಪ್ಪಿದ್ದಿಲ್ಲಲ್ಲ ಅವ್ವಾ, ಅದನ್ಯಾಕ?"
"ಒಲಿ ಮುಂದ ಒಂದು ಕಲ್ಲು ಕಮ್ಮಿ ಬಿದ್ದಿತ್ತು,"
ಅಂದು ಅತ್ತಾಕಡಿ ಸರದು ಕುಂತು
ರೊಟ್ಟಿ ಬಡೀಲಾಕ ಹತ್ತಿದಳು.